ಮೊದಲ ಅವಕಾಶ ಕೊಡುವವರಾರು?

ಚಾಲಕ ವೃತ್ತಿಯನ್ನು ಅರಸುವ ಯುವಕರು ಪರವಾನಗಿಯನ್ನು ಕೈಯಲ್ಲಿ ಹಿಡಿದು ಗುರುಮನೆಯ ಬಾಗಿಲಿಗೆ ಬರುವುದು ನಮ್ಮ ಭಾಗದಲ್ಲಿ ಹೊಸತಲ್ಲ. ಅವರು ಬೇಡುವುದು ಹಣವನ್ನಲ್ಲ, ಒಂದು ಪತ್ರವನ್ನು. "ಎರಡು ವರ್ಷ ಗಾಡಿ ಓಡಿಸಿದ ಅನುಭವವಿದೆ ಎಂದು ಬರೆದುಕೊಡಿ, ಫಾದರ್" ಎನ್ನುತ್ತಾರೆ. ಆ ಅನುಭವ ಅವರಿಗಿಲ್ಲವೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು.

ಅಂಥ ಪತ್ರಕ್ಕೆ ನಾವು ಸಹಿ ಹಾಕಲಾರೆವು. ಸುಳ್ಳುಸಾಕ್ಷ್ಯವನ್ನು ನಿಷೇಧಿಸುವ ಎಂಟನೆಯ ಆಜ್ಞೆ ಗುರುಗಳಿಗೂ ಅನ್ವಯಿಸುತ್ತದೆ. 2007ರಲ್ಲಿ ವ್ಯಾಟಿಕನ್ ಚಾಲಕರಿಗೆಂದೇ ಹತ್ತು ಆಜ್ಞೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬುದು. ರಸ್ತೆಯ ಮೇಲೆ ಈ ಎರಡು ಆಜ್ಞೆಗಳ ನಡುವಿನ ಅಂತರ ಬಹಳ ಕಡಿಮೆ. ಆದರೆ ಆಗದೆಂದು ಹೇಳಿ ಬಾಗಿಲು ಹಾಕಿಕೊಂಡ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯಿತೇ?

ಕಾನೂನಿನ ದಾರಿ ಈಗ ಮೊದಲಿನಷ್ಟು ಕಡಿದಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಕೆಎ-45ರ ಸಾರಿಗೆ ಕಚೇರಿ ಹುಣಸೂರಿನಲ್ಲೇ ಇದೆ. ಸಾರಿಗೆ ವಾಹನ ಓಡಿಸಲು ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ಕೈಬಿಡಲಾಯಿತು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಟ್ಯಾಕ್ಸಿ, ಸರಕು ವಾಹನಗಳನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿತು. ಆದರೆ ಬಾಡಿಗೆ ವಾಹನಕ್ಕೆ 20 ವರ್ಷ ತುಂಬಿರಬೇಕು. ಲಾರಿ, ಬಸ್ಸುಗಳಿಗೆ ಪ್ರತ್ಯೇಕ ಪರವಾನಗಿ ಬೇಕು.

ಕೆಲಸವೂ ಇಲ್ಲದಿಲ್ಲ. ತಂಬಾಕು, ಶುಂಠಿ, ಭತ್ತ ಸಾಗಬೇಕು. ಕಬಿನಿ, ನಾಗರಹೊಳೆ, ಬೈಲಕುಪ್ಪೆಗೆ ಪ್ರವಾಸಿಗರು ಬರುತ್ತಾರೆ. ಅಡ್ಡಿಯಾಗಿರುವುದು ಒಂದೇ ಪ್ರಶ್ನೆ: "ಅನುಭವವಿದೆಯೇ?" ಕೆಲಸವಿಲ್ಲದೆ ಅನುಭವ ಬಾರದು, ಅನುಭವವಿಲ್ಲದೆ ಕೆಲಸ ಸಿಗದು. ಮನೆ ಕಟ್ಟುತ್ತಲೇ ಮನುಷ್ಯ ಮನೆಕಟ್ಟುವವನಾಗುತ್ತಾನೆಂದು ಅರಿಸ್ಟಾಟಲ್ ಬೋಧಿಸಿದ. ಹಿಂದೆ ಲಾರಿಗೆ ಕ್ಲೀನರ್ ಆಗಿ ಸೇರಿದ ಹುಡುಗ ಟೈರು ಬಿಚ್ಚುತ್ತ, ಹಿಂದೆ ನಿಂತು "ಬರಲಿ, ಬರಲಿ" ಎನ್ನುತ್ತ, ಹಿರಿಯನ ಪಕ್ಕದಲ್ಲೇ ಕೆಲಸ ಕಲಿಯುತ್ತಿದ್ದ. ಇಂದಿನ ಸಣ್ಣ ಸರಕು ವಾಹನಗಳಲ್ಲಿ ಕ್ಲೀನರ್‌ಗೆ ಜಾಗವೇ ಇಲ್ಲ. ಏಣಿಯ ಮೊದಲ ಮೆಟ್ಟಿಲೇ ಮುರಿದಿದೆ.

ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಯಜಮಾನನು ತಾನಾಗಿಯೇ ಹೊರಟು ಬಂದು ಅವರನ್ನು ಕರೆದನು. ನಮ್ಮ ಧರ್ಮಕೇಂದ್ರಗಳಲ್ಲಿಯೂ ವಾಹನಗಳ ಮಾಲೀಕರಿದ್ದಾರೆ, ನುರಿತ ಚಾಲಕರಿದ್ದಾರೆ, ವಾಹನವಿರುವ ಸಂಸ್ಥೆಗಳಿವೆ. ವರ್ಷಕ್ಕೊಬ್ಬ ಯುವಕನನ್ನು, ಅವನು ಯಾವ ಧರ್ಮದವನೇ ಆಗಿರಲಿ, ಮೂರು ತಿಂಗಳು ಹಿರಿಯ ಚಾಲಕನೊಡನೆ ಇಟ್ಟುಕೊಳ್ಳುವುದು ಅಸಾಧ್ಯವೇ? ಕಲಿಯುವವನೆಂಬ ನೆಪದಲ್ಲಿ ಅವನ ಕೂಲಿಯನ್ನು ಹಿಡಿಯುವುದು ಬೇಡ, ನಿದ್ದೆಯನ್ನು ಕಸಿಯುವುದಂತೂ ಬೇಡವೇ ಬೇಡ. ದಿನಕ್ಕೆ 8 ಗಂಟೆಯ ದುಡಿಮೆಯ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹಾಕಿತ್ತು.

ಯುವಕರಿಗೂ ಒಂದು ಮಾತು. ನಿಮ್ಮನ್ನು ಬಲ್ಲ ನಾವು ಬರೆದುಕೊಡಬಲ್ಲ ಪತ್ರವೊಂದಿದೆ: ಇವನು ಕುಡಿಯುವವನಲ್ಲ, ಹೇಳಿದ ಹೊತ್ತಿಗೆ ಬರುತ್ತಾನೆ, ಅನುಭವ ಇನ್ನೂ ಆಗಬೇಕಾಗಿದೆ. ಅದರಲ್ಲಿನ ಮೊದಲೆರಡು ಮಾತುಗಳು ನಿಜವಾಗಿರುವಂತೆ ಬಾಳುವ ಹೊಣೆ ನಿಮ್ಮದು. ಮೂರನೆಯ ಮಾತು ಬದಲಾಗುವಂತೆ ಮಾಡುವ ಹೊಣೆ ಸಮುದಾಯದ್ದು.

ಜೂನ್ 13ರಂದು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ನಮ್ಮಲ್ಲಿ ಅನೇಕರು ಇನ್ನೊಬ್ಬರು ಓಡಿಸುವ ವಾಹನದಲ್ಲೇ ಹೋಗಿ ಬರುತ್ತೇವೆ. ಸುಖವಾಗಿ ಮನೆ ಸೇರಿದ್ದಕ್ಕೆ ದೇವರಿಗೆ ವಂದನೆ ಸಲ್ಲಿಸುತ್ತೇವೆ. ನಮ್ಮನ್ನು ಕರೆತಂದ ಆ ಚಾಲಕನ ಕೈಗೂ ಹಿಂದೊಂದು ದಿನ ಯಾರೋ ನಂಬಿ ವಾಹನದ ಕೀಲಿಕೈ ಕೊಟ್ಟಿದ್ದರೆಂಬುದನ್ನು ಮರೆಯದಿರೋಣ.