ಮೂವತ್ತಾಗುವವರೆಗೆ ಕಾಯಬೇಕೇ, ಸಾಹೇಬರೇ?

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ತಮಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬಾರದ ಕಾರಣ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ವಾಲಿಬಾಲ್ ಆಡುತ್ತಲೇ ಕುಸಿದು ಹೋದ ನನ್ನ ಅಕ್ಕನ ಮಗನ ಸುದ್ದಿ ಊರಿಗೆಲ್ಲ ಗೊತ್ತು. ವಯಸ್ಸು 22. ಹೃದಯದ ಸ್ನಾಯು ದಪ್ಪಗಾಗಿತ್ತು, ವಂಶದಲ್ಲೇ ಇರಬಹುದು, ಒಡಹುಟ್ಟಿದವರಿಗೂ ಇಸಿಜಿ, ಎಕೋ ಮಾಡಿಸಿ ಎಂದು ಮರಣೋತ್ತರ ಪರೀಕ್ಷೆಯ ವೈದ್ಯರೇ ಹೇಳಿದರು. ಜನಸ್ಪಂದನ ಸಭೆಯಲ್ಲಿ ಅಕ್ಕ ಕೈಮುಗಿದು ಕೇಳಿದಾಗ ತಾವು ಎಲ್ಲರೆದುರು, "ಶಿಬಿರಕ್ಕೆ ಕರ್ಕೊಂಡ್ ಬನ್ನಿ ತಾಯಿ, ನನ್ನ ಹೆಸರು ಹೇಳಿ ಸಾಕು" ಅಂದಿರಿ.

ಹೇಳಿದೆವು. "ಎಲ್ಲಾರೂ ಸಾಹೇಬ್ರ ಹೆಸರೇ ಹೇಳ್ತಾರೆ" ಎಂದು ಶಿಬಿರದವರು ನಕ್ಕು, ಮೂವತ್ತು ತುಂಬದವರಿಗೆ ಕಾಲಂ ಇಲ್ಲವೆಂದು ವಾಪಸು ಕಳಿಸಿದರು. ಸತ್ತವನ ತಮ್ಮನಿಗೆ 19. ತಂಗಿಗೆ 14, ಅವಳ ಶಾಲೆಗೆ ಬಂದ ತಂಡ ಸ್ಟೆತಸ್ಕೋಪ್ ಇಟ್ಟು ನೋಡಿ ಹೋಯಿತು. ಈ ಕಾಯಿಲೆಯಲ್ಲಿ ಎಷ್ಟೋ ಸಲ ಎದೆಯ ಸದ್ದಿನಲ್ಲಿ ಏನೂ ಸಿಗುವುದಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ಗೃಹ ಆರೋಗ್ಯ ಯೋಜನೆಯ ಬಿಪಿ, ಶುಗರ್ ತಪಾಸಣೆ 30ರಿಂದ ಶುರು. ನಡುವಿನ ಹನ್ನೆರಡು ವರ್ಷ ಎದೆಯಲ್ಲಿ ಹೃದಯವೇ ಇರುವುದಿಲ್ಲವೇ? ರಕ್ತನಾಳ ಕಟ್ಟುವ ಕಾಯಿಲೆಗೆ ಮೂವತ್ತರ ಲೆಕ್ಕ ಇರಲಿ, ಒಪ್ಪುತ್ತೇನೆ. ಆದರೆ ಎಳೆಯರ ಸಾವಿಗೆ ಬಹಳ ಸಲ ಕಾರಣ ಸ್ನಾಯುವಿನ ದೋಷ, ಇಲ್ಲವೇ ಬಡಿತದ ವಿದ್ಯುತ್ತಿನ ದೋಷ. ಪೈಪು ಕಟ್ಟುವುದು ಬೇರೆ, ಮೋಟರೇ ಸುಡುವುದು ಬೇರೆ.

ಇಟಲಿ 1982ರಲ್ಲೇ ಆಟಗಾರರಿಗೆ ತಪಾಸಣೆ ಕಡ್ಡಾಯ ಮಾಡಿತು. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ 12ರಿಂದ 35ರೊಳಗಿನ ಕ್ರೀಡಾಪಟುಗಳ ಹಠಾತ್ ಸಾವು ಶೇ. 89ರಷ್ಟು ಇಳಿಯಿತು. ಊರಿಗೆಲ್ಲ ಮಾಡಿ ಎನ್ನುತ್ತಿಲ್ಲ; ಸುಮ್ಮನೆ ಗಾಬರಿ ಹುಟ್ಟಿಸುವ ವರದಿಗಳೂ ಬರುತ್ತವೆಂದು ಬಲ್ಲೆ. ಅಣ್ಣ ಸತ್ತ ಮನೆಯಲ್ಲಿ ಆ ಚರ್ಚೆ ಯಾಕೆ? ವಂಶದಿಂದ ಬಂದದ್ದಾದರೆ ಒಡಹುಟ್ಟಿದವರಿಗೂ ಅರ್ಧಕ್ಕರ್ಧ ಸಂಭವ. ಈಗ ಸರಿಯಿದ್ದರೂ ಬೆಳೆಯುವ ಮಕ್ಕಳಿಗೆ ವರ್ಷ, ಎರಡು ವರ್ಷಕ್ಕೊಮ್ಮೆ ಮತ್ತೆ ನೋಡಲೇಬೇಕು.

ನೀವು ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯ ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡಿರಿ. ಎದೆನೋವು ಬಂದವರಿಗೆ ದುಬಾರಿ ಇಂಜೆಕ್ಷನ್ ಪುಕ್ಕಟೆ, ಒಳ್ಳೆಯದೇ. ನಮ್ಮ ಹುಡುಗನಿಗೆ ಎದೆನೋವೇ ಬರಲಿಲ್ಲ. ಕುಸಿದವರ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ತಾಲ್ಲೂಕು ಕ್ರೀಡಾಂಗಣದಲ್ಲಿ ಇಲ್ಲ. ಎಕೋಗೆ ಜಿಲ್ಲಾ ಕೇಂದ್ರಕ್ಕೆ ಹೋದರೆ ತಜ್ಞರು ರಜೆ. ನಿಮ್ಮ ಭಾಷಣಗಳಿಗೆ ಮಾತ್ರ ರಜೆಯಿಲ್ಲ.

ಅಕ್ಕ ಇನ್ನೂ ನಿಮ್ಮ ಮಾತು ನಂಬಿದ್ದಾಳೆ. ನನಗೆ ಬಾಯಿಮಾತು ಬೇಡ. ಹೆಸರು ಹೇಳಿದರೆ ಸಾಕು ಎಂದವರು ಸಹಿ ಹಾಕಿ: ಹಠಾತ್ತನೆ ಸತ್ತ ಎಳೆಯರ ಒಡಹುಟ್ಟಿದವರಿಗೆ ವಯಸ್ಸು ಕೇಳದೆ ಇಸಿಜಿ, ಎಕೋ ಮಾಡಬೇಕೆಂಬ ಸುತ್ತೋಲೆ ಹೊರಡಿಸಿ. ಮುಂದಿನ ಶಿಬಿರಕ್ಕೂ ಇಬ್ಬರನ್ನೂ ಕರೆತರುತ್ತೇನೆ. ಅಲ್ಲಿ ನಿಮ್ಮ ಹೆಸರು ಹೇಳುವುದಿಲ್ಲ, ಸುತ್ತೋಲೆ ಎಲ್ಲಿ ಎಂದು ಕೇಳುತ್ತೇನೆ.

ಇಂತಿ,
ಆ ಮಕ್ಕಳ ಸೋದರಮಾವ