ಮುಗಿದ ಯುದ್ಧ, ಮುಗಿಯದ ಹತ್ಯೆ

ಯುದ್ಧವೊಂದು ಯಾವಾಗ ಮುಗಿಯುತ್ತದೆ? ಒಪ್ಪಂದಕ್ಕೆ ಸಹಿ ಬಿದ್ದ ದಿನ ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆದರೆ ಲಾವೋಸ್‌ನ ಶಿಯೆಂಗ್ ಖುವಾಂಗ್ ಪ್ರಾಂತದ ರೈತರ ಪಾಲಿಗೆ ಅದಿನ್ನೂ ಮುಗಿದಿಲ್ಲ. ಆ ನೆಲದ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿಸುವುದನ್ನು ನಿಲ್ಲಿಸಿದ್ದು 1973ರಲ್ಲಿ. ಅರ್ಧ ಶತಮಾನ ಕಳೆದ ಬಳಿಕವೂ ಅಲ್ಲಿ ನೆಲಕ್ಕೆ ಗುದ್ದಲಿ ಹಾಕುವುದೆಂದರೆ ಪ್ರಾಣವನ್ನು ಪಣಕ್ಕಿಡುವುದೇ ಆಗಿದೆ.

1964ರಿಂದ 1973ರ ವರೆಗಿನ ಒಂಬತ್ತು ವರ್ಷಗಳಲ್ಲಿ ಆ ಪುಟ್ಟ ದೇಶದ ಮೇಲೆ ಸುಮಾರು 5 ಲಕ್ಷ 80 ಸಾವಿರ ದಾಳಿ ಹಾರಾಟಗಳು ನಡೆದವು. 20 ಲಕ್ಷ ಟನ್‌ಗಳಿಗೂ ಮಿಕ್ಕ ಸ್ಫೋಟಕಗಳು ಬಿದ್ದವು. ಹಗಲಿರುಳೆನ್ನದೆ ಸರಾಸರಿ ಎಂಟು ನಿಮಿಷಕ್ಕೊಂದು ವಿಮಾನದ ಹೊರೆ! ಕ್ಲಸ್ಟರ್ ಬಾಂಬುಗಳ ಒಡಲಿನಿಂದ ಚದುರಿದ ಸಣ್ಣ ಗುಂಡುಗಳೇ 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು. ಯುದ್ಧ ನಿಂತ ಮೇಲೆ ಇವುಗಳಿಗೆ ಸಿಲುಕಿ ಸತ್ತವರು ಮತ್ತು ಅಂಗವಿಕಲರಾದವರು 20 ಸಾವಿರಕ್ಕೂ ಹೆಚ್ಚು. ಅವರಲ್ಲಿ ಅನೇಕರು ಯುದ್ಧ ಮುಗಿದ ಎಷ್ಟೋ ವರ್ಷಗಳ ಅನಂತರ ಹುಟ್ಟಿದ ಮಕ್ಕಳು.

ಲಾವೋಸಿನ ಜನ ಈ ಗುಂಡನ್ನು 'ಬಾಂಬಿ' ಎಂದು ಕರೆಯುತ್ತಾರೆ. ಅದು ಟೆನಿಸ್ ಚೆಂಡಿನಷ್ಟಿದೆ. ಮಗು ಅದನ್ನು ಆಟದ ಚೆಂಡೆಂದು ಎತ್ತಿಕೊಳ್ಳುತ್ತದೆ. ಬಡವನು ಗುಜರಿಗೆ ಮಾರಲೆಂದು ತುಕ್ಕು ಹಿಡಿದ ಆ ಲೋಹವನ್ನು ಹೆಕ್ಕುತ್ತಾನೆ. ಗೃಹಿಣಿ ಅಂಗಳದಲ್ಲಿ ಒಲೆ ಹೂಡಿದರೆ ಕೆಳಗೆ ಹುದುಗಿರುವ ಗುಂಡು ಬಿಸಿಯೇರಿ ಸಿಡಿಯುತ್ತದೆ. ಹಾಗೆಂದು ಹೊಲವನ್ನು ಬಿಟ್ಟುಬಿಟ್ಟರೆ ಹಸಿವು. ಹಸಿವು ಮತ್ತು ಸಾವಿನ ನಡುವೆ ಒಂದನ್ನು ಆಯ್ದುಕೊಳ್ಳಿರೆಂದು ರೈತನಿಗೆ ಹೇಳುವ ಈ ವ್ಯವಸ್ಥೆಗೆ ನಾವು ಯಾವ ಹೆಸರಿಡೋಣ?

ಪವಿತ್ರ ಕುರ್‌ಆನ್ ಅದಕ್ಕೊಂದು ಹೆಸರನ್ನಿಟ್ಟಿದೆ. ಅಧಿಕಾರ ಕೈಗೆ ಬಂದಾಗ ಭೂಮಿಯಲ್ಲಿ ಓಡಾಡಿ ಕ್ಷೋಭೆ ಹರಡುವ, ಬೆಳೆಯನ್ನೂ ಸಂತತಿಯನ್ನೂ ನಾಶಗೊಳಿಸುವ ಮನುಷ್ಯನ ಕುರಿತು ಅಲ್ ಬಕರ ಅಧ್ಯಾಯದ 205ನೇ ವಚನ ಎಚ್ಚರಿಸುತ್ತದೆ. ಅಲ್ಲಾಹನು ಕ್ಷೋಭೆಯನ್ನು ಮೆಚ್ಚುವುದಿಲ್ಲವೆಂದೂ ಅದು ಸಾರುತ್ತದೆ. ಬೆಳೆ ಮತ್ತು ಸಂತತಿ! ಸಿಡಿಯದ ಬಾಂಬು ನಾಶಪಡಿಸುವುದು ಇವೆರಡನ್ನೇ ಅಲ್ಲವೇ?

ಯುದ್ಧದಲ್ಲಿ ಇದೆಲ್ಲ ಅನಿವಾರ್ಯವೆಂದು ಕೆಲವರು ವಾದಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ರಣರಂಗದಲ್ಲಿ ಹತಳಾದ ಸ್ತ್ರೀಯನ್ನು ಕಂಡು ಪ್ರವಾದಿ(ಸ)ರು ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ನಿಷೇಧಿಸಿದರು. ಹಝ್ರತ್ ಅಬೂಬಕರ್(ರ)ರು ಸಿರಿಯಾದ ಕಡೆಗೆ ಸೇನೆಯನ್ನು ಕಳುಹಿಸುವಾಗ, ವೃದ್ಧರನ್ನು ಕೊಲ್ಲಬಾರದು, ಫಲ ಕೊಡುವ ಮರ ಕಡಿಯಬಾರದು ಎಂದು ಸೇನಾನಿಗೆ ಆಜ್ಞಾಪಿಸಿದರು. ಸೈನಿಕನನ್ನೂ ಮಗುವನ್ನೂ ಬೇರ್ಪಡಿಸಿ ನೋಡಲಾಗದ, ಯುದ್ಧದ ದಿನವನ್ನೂ ಶಾಂತಿಯ ದಿನವನ್ನೂ ಅರಿಯದ ಆಯುಧಕ್ಕೆ ಈ ಮರ್ಯಾದೆಯೊಳಗೆ ಎಡೆಯಿಲ್ಲ.

ಅನಿವಾರ್ಯತೆಯ ವಾದ ಎಷ್ಟು ಪೊಳ್ಳೆಂಬುದಕ್ಕೆ ದಕ್ಷಿಣ ಲೆಬನಾನ್ ಸಾಕ್ಷಿ. 2006ರ ಯುದ್ಧದಲ್ಲಿ ಇಸ್ರೇಲ್ ಅಲ್ಲಿ ಸುರಿದ ಕ್ಲಸ್ಟರ್ ಬಾಂಬುಗಳ ಬಹುಪಾಲು ಬಿದ್ದುದು ಕೊನೆಯ 72 ಗಂಟೆಗಳಲ್ಲಿ. ಕದನ ವಿರಾಮ ಇನ್ನೇನು ಬರಲಿದೆಯೆಂದು ತಿಳಿದಿದ್ದ ಹೊತ್ತಿನಲ್ಲಿ! ಊರಿಗೆ ಮರಳಿದ ರೈತರು ಆಲಿವ್ ತೋಟಗಳಲ್ಲೂ ಹೊಗೆಸೊಪ್ಪಿನ ಹೊಲಗಳಲ್ಲೂ ಕಂಡದ್ದು ಸಾವಿನ ಬಿತ್ತನೆಯನ್ನು. 2001ರಲ್ಲಿ ಅಫ್ಘಾನಿಸ್ತಾನದ ಮೇಲೆ ಅಮೆರಿಕ ಬಾಂಬಿನ ಗುಂಡುಗಳನ್ನೂ ಆಹಾರದ ಪೊಟ್ಟಣಗಳನ್ನೂ ಉದುರಿಸಿತು. ಎರಡರ ಬಣ್ಣವೂ ಹಳದಿ. ಅನ್ನವೆಂದು ಕೈ ಚಾಚಿದವನಿಗೆ ಮೃತ್ಯು ಸಿಗಬಹುದೆಂಬ ಅಪಾಯ ಕಂಡ ಮೇಲಷ್ಟೇ ಪೊಟ್ಟಣದ ಬಣ್ಣ ಬದಲಿಸುವ ನಿರ್ಧಾರವಾಯಿತು.

ಆದರೆ ಪರರ ಕಡೆಗೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುವ ಹಕ್ಕು ನಮಗಿಲ್ಲ. ಯಮನ್‌ನಲ್ಲಿ ಬ್ರಿಟನ್ ನಿರ್ಮಿತ ಕ್ಲಸ್ಟರ್ ಬಾಂಬುಗಳನ್ನು ಬಳಸಿದ್ದಾಗಿ 2016ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡದ್ದು ಸೌದಿ ನೇತೃತ್ವದ ಮಿತ್ರಕೂಟ. ಸಿರಿಯಾದಲ್ಲಿ ಅಸದ್ ಆಡಳಿತವು ತನ್ನ ಪ್ರಜೆಗಳ ಮೇಲೆಯೇ ಅವನ್ನು ಸುರಿಯಿತು. ಈ ಆಯುಧವನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ 2010ರ ಆಗಸ್ಟ್ 1ರಂದು ಜಾರಿಗೆ ಬಂತು. ಲೆಬನಾನ್, ಇರಾಕ್, ಅಫ್ಘಾನಿಸ್ತಾನ, ಫೆಲೆಸ್ತೀನ್‌ಗಳಂತಹ ಗಾಯಗೊಂಡ ನಾಡುಗಳು ಅದನ್ನು ಸೇರಿದವು. ಸೌದಿ ಅರೇಬಿಯ, ಪಾಕಿಸ್ತಾನ, ಇರಾನ್, ತುರ್ಕಿ, ಈಜಿಪ್ಟ್‌ಗಳು ಸೇರಲಿಲ್ಲ. ಅಮೆರಿಕ, ರಶ್ಯಾ, ಚೀನಾ, ಇಸ್ರೇಲ್‌ಗಳ ಸಾಲಿನಲ್ಲಿಯೇ ಇವೂ ನಿಂತಿವೆ. ಅಕ್ರಮಿಯ ಹೆಸರು ಮುಸ್ಲಿಮನದ್ದಾದ ಮಾತ್ರಕ್ಕೆ ಅಕ್ರಮವು ಧರ್ಮವಾಗದು. ನಮ್ಮ ಭಾರತವೂ ಸಹಿ ಹಾಕಿಲ್ಲ. ಅಹಿಂಸೆಯ ಪರಂಪರೆಯನ್ನು ಲೋಕಕ್ಕೆ ನೆನಪಿಸುವ ದೇಶದ ಪ್ರಜೆಗಳಾಗಿ ಈ ಪ್ರಶ್ನೆಯನ್ನು ಕೇಳುವ ಹೊಣೆ ನಮ್ಮದು.

ಮರಣಾನಂತರವೂ ಪುಣ್ಯ ಹರಿದು ಬರುವ ಸದಕ ಜಾರಿಯದ ಕುರಿತು ನಾವು ಮಸೀದಿಗಳಲ್ಲಿ ಕೇಳುತ್ತೇವೆ. ಗಿಡ ನೆಟ್ಟವನಿಗೆ ಅದರ ಫಲವನ್ನು ಹಕ್ಕಿ ತಿಂದರೂ ಪ್ರತಿಫಲವುಂಟು. ಇದಕ್ಕೊಂದು ಮಗ್ಗುಲೂ ಇದೆ. ಕೆಟ್ಟ ಸಂಪ್ರದಾಯವನ್ನು ಆರಂಭಿಸಿದವನ ಲೆಕ್ಕಕ್ಕೆ ಅದನ್ನು ಅನುಸರಿಸಿದವರ ಪಾಪವೂ ಸೇರುತ್ತದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಅಂದು ಆಜ್ಞೆಯಿತ್ತವರಲ್ಲಿ ಹಲವರು ಗೋರಿ ಸೇರಿದ್ದಾರೆ. ಅವರು ಬಿತ್ತಿದ್ದು ಮಾತ್ರ ಇಂದಿಗೂ ಫಲ ಕೊಡುತ್ತಿದೆ. ಭೂಮಿಯ ನ್ಯಾಯಾಲಯಗಳು ಅವರನ್ನು ವಿಚಾರಿಸಲಿಲ್ಲ. ಭೂಮಿಯೇ ತನ್ನ ಸುದ್ದಿಯನ್ನು ಹೇಳುವ ದಿನವೊಂದಿದೆಯೆಂದು ನಾವು ನಂಬುತ್ತೇವೆ.

2016ರಲ್ಲಿ ಲಾವೋಸಿಗೆ ಭೇಟಿಯಿತ್ತ ಅಧ್ಯಕ್ಷ ಒಬಾಮ, ಮೂರು ವರ್ಷಗಳ ಅವಧಿಗೆ 9 ಕೋಟಿ ಡಾಲರ್ ನೆರವು ಘೋಷಿಸಿದರು. ಅದಕ್ಕೆ ಹಿಂದಿನ 20 ವರ್ಷಗಳಲ್ಲಿ ಅಮೆರಿಕ ಕೊಟ್ಟದ್ದು ಸುಮಾರು 10 ಕೋಟಿ. 2025ರ ಜನವರಿಯಲ್ಲಿ ಹೊಸ ಸರಕಾರವು ವಿದೇಶಿ ನೆರವನ್ನು ತಡೆಹಿಡಿದಾಗ ಈ ತೆರವು ಕಾರ್ಯಕ್ಕೂ ತಾತ್ಕಾಲಿಕ ತಡೆ ಬಿತ್ತು. ಕೊಲೆಯ ಸಾಧನವನ್ನು ಹರಡಿದವನು ಅದನ್ನು ಹೆಕ್ಕುವುದು ಔದಾರ್ಯವಲ್ಲ, ಸಾಲ ತೀರಿಕೆ. ಸಾಲಗಾರನು ತನಗೆ ಮನಸ್ಸು ಬಂದಾಗ ಕೊಡುತ್ತೇನೆನ್ನುವುದು ಯಾವ ನ್ಯಾಯ?

ದಾರಿಯಲ್ಲಿನ ಉಪದ್ರವವನ್ನು ನೀಗಿಸುವುದು ಸತ್ಯವಿಶ್ವಾಸದ ಶಾಖೆಗಳಲ್ಲೊಂದೆಂದು ಪ್ರವಾದಿ(ಸ)ರು ಕಲಿಸಿದರು. ಲಾವೋಸಿನ ಹಳ್ಳಿಯ ಹೆಣ್ಣುಮಕ್ಕಳು ಲೋಹಶೋಧಕ ಹಿಡಿದು ಅಂಗುಲ ಅಂಗುಲವಾಗಿ ನೆಲವನ್ನು ಶುದ್ಧಗೊಳಿಸುತ್ತಿದ್ದಾರೆ. ಅವರ ಧರ್ಮ ಯಾವುದೇ ಇರಲಿ, ಒಂದು ಜೀವವನ್ನು ಉಳಿಸುವುದು ಸಕಲ ಮಾನವರನ್ನು ಉಳಿಸಿದಂತೆ ಎಂಬ ಪಾಠವನ್ನು ಅವರು ಬದುಕಿ ತೋರಿಸುತ್ತಿದ್ದಾರೆ. ದಾರಿಯ ಮುಳ್ಳನ್ನು ತೆಗೆಯಬೇಕಾದ ಸಮುದಾಯವು ಮುಳ್ಳು ಬಿತ್ತುವವರ ಮುಂದೆ ಮೌನವಾಗಿರಬಾರದು, ಅವರು ನಮ್ಮವರೇ ಆಗಿದ್ದರೂ ಸರಿಯೇ.