ಹೆಬ್ಬೆಟ್ಟೇ ಕೀಲಿಕೈಯಾದರೆ ಕಾಯುವವರು ಯಾರು?

ಕೃಷ್ಣಾ ನದಿಯ ದಂಡೆಯಲ್ಲಿರುವ ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಕ್ಷೇತ್ರವೆಂದು ನಾಡಿಗೆ ಪರಿಚಿತ. ಇಂತಹ ಗ್ರಾಮದ ರೈತನಿಗೆ ಇಂದು ಸರ್ಕಾರದೊಂದಿಗಿನ ವ್ಯವಹಾರವೆಂದರೆ ಬಹುಮಟ್ಟಿಗೆ ಗಣಕಯಂತ್ರದೊಂದಿಗಿನ ವ್ಯವಹಾರವೇ. ಪಹಣಿಗೆ 'ಭೂಮಿ', ಕ್ರಯಪತ್ರದ ನೋಂದಣಿಗೆ 'ಕಾವೇರಿ', ಕೃಷಿ ಸವಲತ್ತುಗಳಿಗೆ 'ಫ್ರೂಟ್ಸ್', ಪಡಿತರಕ್ಕೆ ನ್ಯಾಯಬೆಲೆ ಅಂಗಡಿಯ ಯಂತ್ರ, ಖಾತೆಯಲ್ಲಿನ ಹಣಕ್ಕೆ ಬ್ಯಾಂಕ್ ಪ್ರತಿನಿಧಿಯ ಕೈಯಲ್ಲಿರುವ ಮೈಕ್ರೋ ಎಟಿಎಂ. ಪ್ರಜೆಯ ಕಣ್ಣಿಗೆ ಕಾಣುವುದು ಒಂದು ಮೇಜು, ಒಬ್ಬ ನೌಕರ, ಬೆರಳಿಡುವ ಒಂದು ಗಾಜಿನ ಫಲಕ ಮಾತ್ರ. ಅದರ ಹಿಂದೆ ಒಂದು ಯಂತ್ರ ದೂರದ ಮತ್ತೊಂದು ಯಂತ್ರಕ್ಕೆ ಪ್ರಶ್ನೆ ಕಳುಹಿಸುತ್ತದೆ, ಅದು ಉತ್ತರಿಸುತ್ತದೆ, ಆ ಉತ್ತರದ ಮೇಲೆ ಜಮೀನು, ಅಕ್ಕಿ, ಹಣ ಕೈ ಬದಲಾಗುತ್ತವೆ.

ಹಾಗಾದರೆ ಪ್ರಶ್ನೆ ಕೇಳಿದವರು ನಿಜವಾಗಿಯೂ ಅವರೇ ಎಂಬುದನ್ನು ದೂರದ ಯಂತ್ರ ತಿಳಿಯುವುದು ಹೇಗೆ? ತಂತ್ರಜ್ಞರ ಕೊಠಡಿಗೆ ಸೀಮಿತವೆಂದು ತೋರುವ ಈ ಪ್ರಶ್ನೆಯೇ ಇ-ಆಡಳಿತದ ವಿಶ್ವಾಸಾರ್ಹತೆಯ ಮೂಲ. ಇದಕ್ಕೆ ಗಣಕ ವಿಜ್ಞಾನ ನಾಲ್ಕು ದಶಕಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತ್ತು. ಆ ಉತ್ತರದ ಸಾರವನ್ನು ಪ್ರಜೆಯ ವಿಷಯದಲ್ಲಿ ಮರೆತಿರುವುದೇ ಇಂದಿನ ತೊಡಕು.

ಕೇಳುವವರ ಮಾತೇ ಪ್ರಮಾಣವಾದಾಗ

ಒಂದು ಯಂತ್ರದಲ್ಲಿರುವ ಕಾರ್ಯಕ್ರಮ, ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ 'ಈ ಕೆಲಸ ಮಾಡಿಕೊಡು' ಎಂದು ಕೇಳುವ ವಿಧಾನಕ್ಕೆ 'ರಿಮೋಟ್ ಪ್ರೊಸೀಜರ್ ಕಾಲ್' ಎಂದು ಹೆಸರು. ಜೆರಾಕ್ಸ್ ಸಂಸ್ಥೆಯ ಸಂಶೋಧಕರಾದ ಬಿರೆಲ್ ಮತ್ತು ನೆಲ್ಸನ್ 1984ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಸ್ವರೂಪವನ್ನು ಸ್ಪಷ್ಟಪಡಿಸಿತು. ಅದೇ ಕಾಲದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಕಡತ ಹಂಚಿಕೆಯ ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿತು.

ಆದರೆ ಆರಂಭದಲ್ಲಿ ಒಂದು ದೊಡ್ಡ ಲೋಪವಿತ್ತು. ಕೇಳುವ ಯಂತ್ರ ತನ್ನ ಬಳಕೆದಾರನ ಸಂಖ್ಯೆಯನ್ನು ತಾನೇ ಹೇಳುತ್ತಿತ್ತು. ಉತ್ತರಿಸುವ ಯಂತ್ರ ಅದನ್ನು ಹಾಗೆಯೇ ನಂಬುತ್ತಿತ್ತು. 'ನಾನು ತಹಶೀಲ್ದಾರ' ಎಂದು ದೂರವಾಣಿಯಲ್ಲಿ ಹೇಳಿದವನಿಗೆಲ್ಲ ದಾಖಲೆ ಕೊಠಡಿಯ ಬಾಗಿಲು ತೆರೆದಂತೆ. ಎಲ್ಲ ಯಂತ್ರಗಳೂ ಒಂದೇ ಕಟ್ಟಡದಲ್ಲಿ, ಪರಿಚಿತರ ಕೈಯಲ್ಲಿದ್ದಷ್ಟು ದಿನ ಇದು ನಡೆಯಿತು. ಜಾಲ ಬೆಳೆದಂತೆ ನಡೆಯದಾಯಿತು. ಹಾಗೆಂದು ಪ್ರತಿ ಸೇವೆಗೂ ಗುಪ್ತಪದವನ್ನು ಜಾಲದ ಮೇಲೆ ಕಳುಹಿಸಿದರೆ, ದಾರಿಯಲ್ಲಿ ಕದ್ದು ನೋಡುವವನಿಗೆ ಅದು ಶಾಶ್ವತವಾಗಿ ದಕ್ಕುತ್ತದೆ.

ಕೀಲಿಕೈ ಬದಲು ಚೀಟಿ

ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಆರಂಭವಾದ 'ಅಥೆನಾ' ಯೋಜನೆಯಲ್ಲಿ ಇದಕ್ಕೆ ಪರಿಹಾರ ರೂಪುಗೊಂಡಿತು. ನೀಡ್‌ಹ್ಯಾಮ್ ಮತ್ತು ಶ್ರೋಡರ್ 1978ರಲ್ಲಿ ಮಂಡಿಸಿದ್ದ ವಿಚಾರವನ್ನು ಆಧರಿಸಿದ ಈ ಪದ್ಧತಿಗೆ ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರನ್ನಿಟ್ಟು 'ಕರ್ಬೆರೋಸ್' ಎಂದು ಕರೆಯಲಾಯಿತು. ಅದರ ಐದನೇ ಆವೃತ್ತಿ 1993ರಲ್ಲಿ ಅಂತರ್ಜಾಲದ ಮಾನಕ ದಾಖಲೆಯಾಗಿ ಹೊರಬಂದಿತು. ವಿಂಡೋಸ್ 2000ದಿಂದೀಚೆಗೆ ಮೈಕ್ರೋಸಾಫ್ಟ್ ಕಚೇರಿ ಜಾಲಗಳಲ್ಲಿಯೂ ಇದೇ ಪದ್ಧತಿ ನೆಲೆಯೂರಿದೆ.

ಇದರ ಒಳಗುಟ್ಟು ಸರಳ. ಬಳಕೆದಾರ ತನ್ನ ಗುಟ್ಟನ್ನು ಯಾವ ಸೇವೆಗೂ ಕೊಡುವುದಿಲ್ಲ. ಎಲ್ಲರೂ ನಂಬುವ ಒಂದು ಕೇಂದ್ರಕ್ಕೆ ತಾನಾರೆಂಬುದನ್ನು ಒಮ್ಮೆ ರುಜುವಾತುಪಡಿಸಿ, ಬೇಕಾದ ಸೇವೆಗೆ ಒಂದು ಚೀಟಿ ಪಡೆಯುತ್ತಾನೆ. ಆ ಚೀಟಿ ಒಂದೇ ಸೇವೆಗೆ ಸಲ್ಲುತ್ತದೆ, ಕೆಲವೇ ಗಂಟೆ ಬಾಳುತ್ತದೆ. ಸುರಪುರಕ್ಕೆಂದು ಕೊಂಡ ಬಸ್ ಟಿಕೆಟ್ ಶಹಾಪುರದವರೆಗೆ ನಡೆಯದು, ನಿನ್ನೆಯ ಟಿಕೆಟ್ ಇಂದು ನಡೆಯದು ಎಂಬಂತೆಯೇ ಇದು. ಮೈಕ್ರೋಸಾಫ್ಟ್ ಜಾಲಗಳಲ್ಲಿ ಚೀಟಿಯ ಸಾಮಾನ್ಯ ಆಯಸ್ಸು 10 ಗಂಟೆ. ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೋರಿಕೆ ತಿರಸ್ಕೃತವಾಗುತ್ತದೆ. ಸೇವೆ ಕೊಡುವ ಯಂತ್ರವೂ ತಾನು ಅಸಲಿ ಎಂಬುದನ್ನು ತೋರಿಸಲು ಇಲ್ಲಿ ಅವಕಾಶವಿದೆ. ಚೀಟಿ ಕಳುವಾದರೂ ನಷ್ಟ ಸೀಮಿತ. ಮೂಲ ಗುಟ್ಟು ಕಳುವಾದರೆ ಅದನ್ನು ಬದಲಿಸಬಹುದು. ಈ ಎರಡು ಗುಣಗಳೇ ಪದ್ಧತಿಯ ಜೀವಾಳ.

ಅಧಿಕಾರಿಯ ಬೆರಳಿನಿಂದ ಪ್ರಜೆಯ ಬೆರಳಿಗೆ

ಕರ್ನಾಟಕದ ಅನುಭವವನ್ನು ಈ ಬೆಳಕಿನಲ್ಲಿ ನೋಡಬೇಕು. 2001ರಲ್ಲಿ 'ಭೂಮಿ' ಯೋಜನೆ ಜಾರಿಗೆ ಬಂದಾಗ ಸುರಪುರ ತಾಲ್ಲೂಕು ಇನ್ನೂ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 15 ರೂಪಾಯಿಗೆ ಪ್ರತಿ ಒದಗಿಸಿದ ಆ ಯೋಜನೆ ದೇಶದ ಗಮನ ಸೆಳೆಯಿತು. ಅದರಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿತ್ತು: ದಾಖಲೆ ತಿದ್ದುವ ಅಧಿಕಾರಿ ಗುಪ್ತಪದದ ಬದಲು ತನ್ನ ಬೆರಳಗುರುತು ನೀಡಿಯೇ ಯಂತ್ರವನ್ನು ಪ್ರವೇಶಿಸಬೇಕಿತ್ತು. 'ನಾನು ಮಾಡಿಲ್ಲ, ನನ್ನ ಗುಪ್ತಪದ ಯಾರೋ ಬಳಸಿದರು' ಎಂಬ ಸಬೂಬಿಗೆ ತೆರೆ ಎಳೆಯುವುದು ಇದರ ಉದ್ದೇಶ. ಅಂದು ಬೆರಳಗುರುತು ಅಧಿಕಾರಸ್ಥನನ್ನು ಹೊಣೆಗಾರನನ್ನಾಗಿಸುವ ಸಾಧನವಾಗಿತ್ತು.

ಮುಂದಿನ ದಶಕದಲ್ಲಿ ದಿಕ್ಕು ಬದಲಾಯಿತು. ಆಧಾರ್ ಬಂದ ನಂತರ ಬೆರಳಿಡಬೇಕಾದವನು ಪ್ರಜೆಯೇ ಆದ. ಪಡಿತರಕ್ಕೆ ಬೆರಳು, ಬ್ಯಾಂಕ್ ಪ್ರತಿನಿಧಿಯ ಮುಂದೆ ಹಣ ಪಡೆಯಲು ಬೆರಳು. ಆಧಾರ್ ವ್ಯವಸ್ಥೆಯ ಪರವಾಗಿ ಒಂದು ಮಾತು ಹೇಳಲೇಬೇಕು. ನೋಂದಾಯಿತ ಉಪಕರಣದಲ್ಲಿ ಬೆರಳಗುರುತು ಆ ಕ್ಷಣಕ್ಕೆಂದೇ ಹುಟ್ಟಿದ ಸಂಕೇತದಲ್ಲಿ ಗೂಢಲಿಪಿಯಾಗಿ, ಸಮಯದ ಮುದ್ರೆಯೊಂದಿಗೆ ಸಾಗುತ್ತದೆ. ಅಂದರೆ ದಾರಿಯಲ್ಲಿ ಚೀಟಿಯ ತತ್ತ್ವವೇ ಇದೆ. ತೊಡಕಿರುವುದು ಬಾಗಿಲಲ್ಲಿ. ಅಲ್ಲಿ ಪ್ರಜೆ ಕೊಡುತ್ತಿರುವುದು ಚೀಟಿಯನ್ನಲ್ಲ, ಜೀವಮಾನವಿಡೀ ಬದಲಿಸಲಾಗದ ಕೀಲಿಕೈಯನ್ನೇ.

ನೋಂದಣಿ ಪತ್ರವೇ ನಕಲು ಕೀಲಿಗೆ ಅಚ್ಚು

ಈ ಅಪಾಯ ಊಹೆಯದಲ್ಲ. 2018ರಲ್ಲಿ ನೆರೆಯ ತೆಲಂಗಾಣದಲ್ಲಿ ನೋಂದಣಿ ಇಲಾಖೆಯ ತಾಣದಲ್ಲಿದ್ದ ಪತ್ರಗಳ ಬೆರಳಗುರುತನ್ನು ರಬ್ಬರ್ ಅಚ್ಚಿಗೆ ಇಳಿಸಿ ಸಿಮ್ ಕಾರ್ಡ್ ಪಡೆದ ಪ್ರಕರಣ ಬಯಲಾಯಿತು. 2023ರಲ್ಲಿ ಅದೇ ಮಾದರಿ ಕರ್ನಾಟಕಕ್ಕೂ ಕಾಲಿಟ್ಟಿತು. ಕ್ರಯಪತ್ರ ನೋಂದಾಯಿಸಿದವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾದ ದೂರುಗಳು ಬೆಂಗಳೂರಿನಲ್ಲಿ ಸಾಲುಗಟ್ಟಿದವು. ನೋಂದಣಿ ಪತ್ರಗಳಲ್ಲಿನ ಬೆರಳಗುರುತು ಮತ್ತು ಆಧಾರ್ ಸಂಖ್ಯೆ ವಂಚಕರ ಕೈ ಸೇರಿದ್ದು ತನಿಖೆಯಲ್ಲಿ ಕಂಡುಬಂದ ಬಳಿಕ ಅವುಗಳನ್ನು ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಈ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳು ಸಾಕು. ಮೊಬೈಲ್‌ಗೆ ಬರುವ ಒಂದು ಬಾರಿಯ ಸಂಖ್ಯೆ ಬೇಕಿಲ್ಲ.

ಗಮನಿಸಬೇಕಾದ ಸಂಗತಿ ಏನೆಂದರೆ, ಇಲ್ಲಿ ಯಾರೂ ಕೇಂದ್ರ ಭಂಡಾರವನ್ನು ಒಡೆಯಲಿಲ್ಲ. ಒಂದು ಇಲಾಖೆ ಸಾಕ್ಷ್ಯವೆಂದು ಪ್ರಕಟಿಸಿದ ಹೆಬ್ಬೆಟ್ಟನ್ನು ಇನ್ನೊಂದು ವ್ಯವಸ್ಥೆ ಗುಟ್ಟೆಂದು ಪರಿಗಣಿಸಿತು. ಕಾಗದದ ಮೇಲೆ ಎಲ್ಲರೂ ನೋಡಬಹುದಾದ ಗುರುತು ಕೀಲಿಕೈಯಾಗಲಾರದು. ನಗರದವನಿಗೆ ಸಂದೇಶ ಕೂಡಲೇ ತಲುಪೀತು, ದೂರು ಕೊಡಲು ಠಾಣೆ ಹತ್ತಿರವಿದ್ದೀತು. ಹಳ್ಳಿಯ ಕೂಲಿಕಾರ್ಮಿಕಳಿಗೆ ಹಣ ಹೋದದ್ದು ತಿಳಿಯುವುದೇ ಮುಂದಿನ ಬಾರಿ ಪ್ರತಿನಿಧಿಯ ಬಳಿ ಹೋದಾಗ. ಇನ್ನೊಂದೆಡೆ, ದುಡಿದು ಸವೆದ ಬೆರಳಿನ ರೇಖೆಗಳನ್ನು ಯಂತ್ರ ಗುರುತಿಸದಿದ್ದರೆ ಅಸಲಿ ಒಡತಿಯೇ ಬರಿಗೈಯಲ್ಲಿ ಮರಳಬೇಕು. ನಕಲಿಗೆ ತೆರೆದು ಅಸಲಿಗೆ ಮುಚ್ಚುವ ಬಾಗಿಲನ್ನು ಭದ್ರವೆನ್ನಲಾಗದು.

ಚೀಟಿಯೂ ಸರ್ವರೋಗಕ್ಕೆ ಮದ್ದಲ್ಲ

ಹಾಗೆಂದು ಚೀಟಿಯ ಪದ್ಧತಿಯನ್ನು ವೈಭವೀಕರಿಸುವುದೂ ಸಲ್ಲದು. ಚೀಟಿ ಕೊಡುವ ಕೇಂದ್ರವೇ ಶತ್ರುವಿನ ವಶವಾದರೆ ಇಡೀ ಜಾಲವೇ ಅವನದು. 'ಗೋಲ್ಡನ್ ಟಿಕೆಟ್' ಎಂದು ಹೆಸರಾದ ಈ ದಾಳಿಯನ್ನು 2014ರಲ್ಲಿ ಭದ್ರತಾ ಸಂಶೋಧಕರು ಬಹಿರಂಗವಾಗಿ ತೋರಿಸಿಕೊಟ್ಟರು. ಚೀಟಿ ಪಡೆದ ನೌಕರನೇ ಅಪ್ರಾಮಾಣಿಕನಾದರೆ ಯಂತ್ರ ಅದನ್ನು ತಡೆಯಲಾರದು. 2025ರ ಆರಂಭದಲ್ಲಿ 'ಕಾವೇರಿ' ತಾಣದ ಮೇಲೆ ಕೃತಕ ಕೋರಿಕೆಗಳ ಮಹಾಪೂರ ಹರಿಸಿ, ನೋಂದಣಿ ಕೆಲಸವನ್ನೇ ಅಸ್ತವ್ಯಸ್ತಗೊಳಿಸಿದ ಘಟನೆ ನಡೆಯಿತು. ಬಾಗಿಲಲ್ಲಿ ಜನಜಂಗುಳಿ ಸೇರಿಸಿ ದಾರಿ ಕಟ್ಟುವವನನ್ನು ಚೀಟಿ ಪರಿಶೀಲನೆಯೊಂದೇ ತಡೆಯದು. ಆದರೆ ಹಾನಿಯ ವ್ಯಾಪ್ತಿಯನ್ನು ಕಿರಿದುಗೊಳಿಸುವ ಶಕ್ತಿ ಚೀಟಿಗಿದೆ, ಹೆಬ್ಬೆಟ್ಟಿಗೆ ಅದಿಲ್ಲ.

ಆಗಬೇಕಾದುದೇನು?

ಕೆಲವು ಹೆಜ್ಜೆಗಳು ಈಗಾಗಲೇ ಬಿದ್ದಿವೆ. ಆಧಾರ್ ಪ್ರಾಧಿಕಾರ 2018ರಲ್ಲಿ ಬದಲಿಸಬಹುದಾದ 16 ಅಂಕಿಗಳ ವರ್ಚುವಲ್ ಸಂಖ್ಯೆಯನ್ನು ಜಾರಿಗೆ ತಂದಿತು. ಬೆರಳಗುರುತಿನ ಬಳಕೆಗೆ ಬೀಗ ಹಾಕುವ ಸೌಲಭ್ಯವಿದೆ. ಜೀವಂತ ಬೆರಳನ್ನೂ ಅಚ್ಚನ್ನೂ ಬೇರ್ಪಡಿಸುವ ಪರೀಕ್ಷೆಯನ್ನು 2023ರಲ್ಲಿ ಅಳವಡಿಸಲಾಯಿತು. ಆಧಾರ್ ಪಾವತಿಯ ಪ್ರತಿನಿಧಿಗಳ ಮೇಲೆ ನಿಗಾ ಬಿಗಿಗೊಳಿಸುವ ನಿರ್ದೇಶನಗಳನ್ನು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿತು. ಆದರೆ ಬೀಗ ಹಾಕುವ ಹೊರೆಯನ್ನು ಪ್ರಜೆಯ ಮೇಲೆಯೇ ಹೊರಿಸಿದರೆ, ಸ್ಮಾರ್ಟ್‌ಫೋನ್ ಇಲ್ಲದವರು ಹೊರಗುಳಿಯುತ್ತಾರೆ. ಆಧಾರ್ ಕುರಿತ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ನೆನೆದರೆ, ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡುವ ನೈತಿಕ ಹೊಣೆ ಈ ರಾಜ್ಯಕ್ಕೇ ಹೆಚ್ಚು.

ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಹಣ ತೆಗೆಯುವ ಸೌಲಭ್ಯ ಖಾತೆದಾರ ಕೇಳಿದರೆ ಮಾತ್ರ ತೆರೆಯಬೇಕು, ಅದಕ್ಕೆ ಮಿತಿಯಿರಬೇಕು. ಪ್ರತಿ ದೃಢೀಕರಣವೂ ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಎಂಬುದು ಕನ್ನಡದಲ್ಲಿ ಮುದ್ರಿತವಾಗಿ ಕೈಗೆ ಸಿಗಬೇಕು. ಇಲಾಖೆಯಿಂದ ಇಲಾಖೆಗೆ ಹೋಗುವ ಕೋರಿಕೆ ಆ ಒಂದು ಕೆಲಸಕ್ಕಷ್ಟೇ ಸೀಮಿತವಾಗಿ, ಅವಧಿ ಮುಗಿದೊಡನೆ ರದ್ದಾಗಬೇಕು. ಯಂತ್ರ ಬೆರಳನ್ನು ಒಪ್ಪದಿದ್ದರೆ ಪಡಿತರ ನಿಲ್ಲಬಾರದು. ಬೆರಳಿನ ನಕಲಿನಿಂದ ಹಣ ಹೋದರೆ, ತಾನು ಬೆರಳಿಟ್ಟಿಲ್ಲವೆಂದು ಸಾಬೀತುಪಡಿಸುವ ಭಾರ ಹಳ್ಳಿಗನ ಮೇಲಿರಬಾರದು. ಕೋರಿಕೆ ಅಸಲಿಯೆಂದು ತೋರಿಸುವ ಹೊಣೆ ಬ್ಯಾಂಕಿನದಾಗಬೇಕು.

2001ರಲ್ಲಿ ರಾಜ್ಯ ಅಧಿಕಾರಿಯ ಬೆರಳನ್ನು ದಾಖಲೆಗೆ ಕಟ್ಟಿಹಾಕಿ ರೈತನಿಗೆ ಭರವಸೆ ನೀಡಿತ್ತು. ಇಂದು ರೈತನ ಬೆರಳು ಹತ್ತು ಯಂತ್ರಗಳಿಗೆ ಕಟ್ಟಿಬಿದ್ದಿದೆ. ಆ ಭರವಸೆ ಉಳಿಯಬೇಕಾದರೆ ಸರ್ಕಾರ ಪ್ರಜೆಯಿಂದ ಕೀಲಿಕೈ ಕೇಳುವುದನ್ನು ಬಿಟ್ಟು, ಕೆಲಸಕ್ಕೆ ತಕ್ಕ ಚೀಟಿಯಲ್ಲಿ ತೃಪ್ತವಾಗುವುದನ್ನು ಕಲಿಯಬೇಕಾಗಿದೆ.